ಫೋಟೊದಲ್ಲಿ ರೂಪಾಯಿ, ಪಾರ್ಸೆಲ್‌ನಲ್ಲಿ ಬಿಲ್ಲೆ: ಆನ್‌ಲೈನ್ ಹರಾಜಿನಲ್ಲಿ ಹಳೆಯ ನಾಣ್ಯ ಕೊಳ್ಳುವವರಿಗೆ ಮಾರ್ಗದರ್ಶಿ

ನವರಾತ್ರಿ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಕಡೆ ಹಳೆಯ ಬೆಳ್ಳಿ ರೂಪಾಯಿ ಕೇಳುವವರು ಹೆಚ್ಚುತ್ತಾರೆ. ಲಕ್ಷ್ಮೀ ಪೂಜೆಯ ತಟ್ಟೆಗೆ ರಾಣಿ ಛಾಪಿನದೊಂದು ಬೇಕು, ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಒಂದು ಬೇಕು, ಸಂಗ್ರಹದಲ್ಲಿ ಖಾಲಿ ಉಳಿದ ಇಸವಿಗೆ ಒಂದು ಬೇಕು. ಸರಾಫರ ಅಂಗಡಿಯಲ್ಲಿ ಸಿಗದಿದ್ದರೆ ಕೈ ಹೋಗುವುದು ಮೊಬೈಲಿಗೆ. ಫೇಸ್‌ಬುಕ್ ಗುಂಪುಗಳಲ್ಲಿ ರಾತ್ರಿ ಹೊತ್ತು ಒಂದೆರಡು ತಾಸಿನಲ್ಲಿ ಮುಗಿಯುವ ಹರಾಜು, ವಾಟ್ಸ್‌ಆ್ಯಪ್‌ನಲ್ಲಿ ಅಡ್ಮಿನ್ ನಡೆಸುವ ಹರಾಜು, ದೊಡ್ಡ ಮಾರಾಟ ತಾಣಗಳಲ್ಲಿ ದಿನಗಟ್ಟಲೆ ಎಳೆಯುವ ಹರಾಜು, ಎಲ್ಲ ಕಡೆಗೂ ನಾಣ್ಯಗಳಿವೆ.

ಪ್ರಾಮಾಣಿಕವಾಗಿ ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಲ್ಲದೆ ನಮ್ಮಂಥ ಸಣ್ಣ ಊರುಗಳ ಸಂಗ್ರಾಹಕರಿಗೆ ಈ ಹವ್ಯಾಸವೇ ಸಾಧ್ಯವಿರಲಿಲ್ಲ. ಆದರೆ ಮೋಸ ಮಾಡುವವರೂ ಅದೇ ಗುಂಪುಗಳಲ್ಲಿ, ಅದೇ ಬಗೆಯ ಫೋಟೊ ಹಾಕಿಕೊಂಡು ಕೂತಿರುತ್ತಾರೆ. ಅಂಗಡಿಯಲ್ಲಾದರೆ ನಾಣ್ಯ ನಿಮ್ಮ ಅಂಗೈಯಲ್ಲಿರುತ್ತದೆ. ಹರಾಜಿನಲ್ಲಿ ನಿಮ್ಮ ಕೈಯಲ್ಲಿರುವುದು ಮಾರುವವನ ಮಾತು ಮತ್ತು ಅವನು ತೋರಿಸಿದ ಚಿತ್ರ, ಎರಡೇ. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಹಂತಗಳ ಹಿಂದೆಯೂ ಒಂದೇ ಸೂತ್ರವಿದೆ: ತಾಳೆ ನೋಡಲು ಬರುವಂಥ ಮಾತನ್ನು ಮಾರುವವನ ಕೈಯಿಂದಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವನ ನಾಣ್ಯಕ್ಕೆ ಬಿಡ್ ಹಾಕಬೇಡಿ.

ಹಂತ 1: ವಿವರಣೆಯಲ್ಲಿ ಏನು ಬರೆದಿಲ್ಲ ಅನ್ನುವುದನ್ನು ಓದಿ

ಇಂಥ ಜಾಹೀರಾತನ್ನು ನೀವು ನೋಡಿಯೇ ಇರುತ್ತೀರಿ: "ಭಾಳ ಅಪರೂಪದ ಪುರಾತನ ನಾಣ್ಯ. ನಮ್ಮ ಅಜ್ಜನ ಪೆಟ್ಟಿಗ್ಯಾಗ ಸಿಕ್ಕೈತ್ರಿ. ನನಗ ನಾಣ್ಯದ ಬಗ್ಗೆ ಏನೂ ಗೊತ್ತಿಲ್ರಿ, ಫೋಟೊ ನೋಡಿ ನೀವ ತಿಳ್ಕೊಳ್ರಿ. ವಾಪಸ್ ಇಲ್ಲ."

ಇದರಲ್ಲಿ ಬೆಳ್ಳಿ ಎಂಬ ಪದವಿಲ್ಲ. ತೂಕವಿಲ್ಲ. ಅಸಲಿ ಎಂದು ಎಲ್ಲಿಯೂ ಹೇಳಿಲ್ಲ. ಅಜ್ಜನ ಪೆಟ್ಟಿಗೆ ನಿಮ್ಮಲ್ಲಿ ಆಸೆ ಹುಟ್ಟಿಸಲು ಇದೆ, "ಗೊತ್ತಿಲ್ರಿ" ಎಂಬುದು ನಾಳೆ ನೀವು ಜಗಳಕ್ಕೆ ಹೋದಾಗ ಅವನ ರಕ್ಷಣೆಗೆ ಇದೆ. ಏನೂ ಗೊತ್ತಿಲ್ಲದವನ ಬಳಿ ಅಗ್ಗಕ್ಕೆ ಬೆಲೆಬಾಳುವ ನಾಣ್ಯ ಸಿಕ್ಕಿತೆಂದು ಕೊಳ್ಳುವವರು ಹಿಗ್ಗಬೇಕು, ಅದೇ ಈ ಮಾತಿನ ಉದ್ದೇಶ. ಆ ಖಾತೆಯನ್ನು ತೆರೆದು ಅವನು ಮಾರಿದ ಬೇರೆ ವಸ್ತುಗಳನ್ನು ನೋಡಿ. ನಾಣ್ಯದ ಗಂಧವೇ ಇಲ್ಲದವನು ಮೂರು ತಿಂಗಳಿಂದ ವಾರಕ್ಕೆ ಹತ್ತು ನಾಣ್ಯ ಮಾರುತ್ತಿದ್ದರೆ, ಪ್ರತಿಯೊಂದೂ ಅಜ್ಜನ ಪೆಟ್ಟಿಗೆಯಿಂದಲೇ ಬಂದಿದ್ದರೆ, ಅಲ್ಲಿಗೇ ಬಿಟ್ಟು ಮುಂದೆ ಹೋಗಿ. "ಇರುವುದೊಂದೇ ಪೀಸ್" ಎಂದದ್ದು ಹೋದ ತಿಂಗಳೂ ಮಾರಾಟವಾಗಿದೆಯೇ ನೋಡಿ. ಖಾತೆಗೆ ಒಳ್ಳೆಯ ರೇಟಿಂಗ್ ಇದ್ದರೆ ಅದು ಯಾವ ವಸ್ತುವಿಗೆ ಬಂದದ್ದೆಂದೂ ನೋಡಿ. ಮೊಬೈಲ್ ಕವರ್ ಮಾರಿ ಗಳಿಸಿದ ನಕ್ಷತ್ರಗಳು ನಾಣ್ಯಕ್ಕೆ ಸಾಕ್ಷಿಯಾಗುವುದಿಲ್ಲ.

"ಬೆಳ್ಳಿ ಬಣ್ಣದ", "ಸಿಲ್ವರ್ ಟೋನ್", "ಹಳೆಯ ಕಾಲದ ಮಾದರಿ", "ಸ್ಮರಣಿಕೆ" ಎಂಬ ಪದಗಳು ಕಂಡರೆ ಅದು ನಾಣ್ಯವಲ್ಲ ಎಂದೇ ತಿಳಿಯಿರಿ. ಇವು ವಿವರಣೆಯ ಕೊನೆಯ ಸಾಲಿನಲ್ಲಿ, "ಇನ್ನಷ್ಟು ಓದಿ" ಒತ್ತಿದ ಮೇಲಷ್ಟೇ ಕಾಣುವಂತೆ ಇರುತ್ತವೆ.

ಹಂತ 2: ಅಂಥ ನಾಣ್ಯ ನಿಜವಾಗಿ ಟಂಕಿಸಲ್ಪಟ್ಟಿತ್ತೇ?

ನಾನು ಅತಿ ಹೆಚ್ಚು ಸಮಯ ಕೊಡಿ ಎನ್ನುವುದು ಈ ಹಂತಕ್ಕೆ. ಅರ್ಧದಷ್ಟು ಮೋಸ ನಾಣ್ಯವನ್ನು ಮುಟ್ಟದೆ, ಬರೀ ಇತಿಹಾಸ ಗೊತ್ತಿದ್ದರೆ ಸಿಕ್ಕಿಬೀಳುತ್ತದೆ.

ರಾಮ-ಸೀತೆ-ಲಕ್ಷ್ಮಣರ ಚಿತ್ರ ಅಥವಾ ಹನುಮಂತನ ಚಿತ್ರ ಒಂದು ಕಡೆ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ "ಈಸ್ಟ್ ಇಂಡಿಯಾ ಕಂಪನಿ", 1818 ಅಥವಾ 1717 ಅಥವಾ 1616 ಎಂಬ ಇಸವಿ, ಅರ್ಧ ಆಣೆ ಅಥವಾ ಒಂದು ಆಣೆ ಎಂಬ ಬರಹ. ಇದನ್ನು ಲಕ್ಷಗಟ್ಟಲೆ ಬೆಲೆಯ ನಾಣ್ಯವೆಂದು ಮಾರುತ್ತಾರೆ. ಕಂಪನಿ ಇಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ಕಂಪನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ಬಂದದ್ದೇ 1835ರಲ್ಲಿ. ಭಕ್ತಿಯಿಂದ ದೇವರ ಜಗಲಿಯ ಮೇಲೆ ಇಟ್ಟುಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ. ನಾಣ್ಯದ ಬೆಲೆ ಕೊಟ್ಟು ಅದನ್ನು ಕೊಳ್ಳಬಾರದು ಅಷ್ಟೇ. ಇವೇ ಬಿಲ್ಲೆಗಳು "ಅಕ್ಕಿ ಎಳೆಯುವ ನಾಣ್ಯ" ಎಂಬ ರೈಸ್ ಪುಲ್ಲಿಂಗ್ ದಂಧೆಯಲ್ಲೂ ಓಡಾಡುತ್ತವೆ. ಅಕ್ಕಿ ಎಳೆಯುವ, ಇರಿಡಿಯಂ ತುಂಬಿದ ನಾಣ್ಯ ಜಗತ್ತಿನಲ್ಲೆಲ್ಲೂ ಇಲ್ಲ.

ರಾಣಿ ಛಾಪಿನ ರೂಪಾಯಿಯಲ್ಲಿ ಬರಹ ಮತ್ತು ಇಸವಿ ಒಂದಕ್ಕೊಂದು ಹೊಂದಬೇಕು. 1876ರವರೆಗೆ "ವಿಕ್ಟೋರಿಯಾ ಕ್ವೀನ್" ಎಂದಿದೆ, 1877ರಿಂದ "ವಿಕ್ಟೋರಿಯಾ ಎಂಪ್ರೆಸ್". 1862 ಎಂಬ ಇಸವಿಯ ಜೊತೆ "ಎಂಪ್ರೆಸ್" ಕಂಡರೆ ಬೇರೆ ಪರೀಕ್ಷೆಯೇ ಬೇಡ. ಇನ್ನು 1862ರ ರೂಪಾಯಿಯನ್ನು "160 ವರ್ಷದ ಅಪರೂಪದ ನಾಣ್ಯ" ಎಂದು ಏರಿಸಿ ಮಾರುತ್ತಾರೆ. ಹಳೆಯದೆಂಬುದು ನಿಜ, ಅಪರೂಪವೆಂಬುದು ಸುಳ್ಳು. 1862 ಎಂಬ ಅದೇ ಇಸವಿ ಇಟ್ಟುಕೊಂಡು ಟಂಕಸಾಲೆಗಳು ಮುಂದಿನ ಹತ್ತು-ಹನ್ನೊಂದು ವರ್ಷ ರೂಪಾಯಿ ಹೊಡೆದವು. ವರ್ಷವರ್ಷಕ್ಕೂ ಇಸವಿ ಬದಲಾಗತೊಡಗಿದ್ದು 1874ರಿಂದ. ಹಾಗಾಗಿ ಅದು ಅತಿ ಸುಲಭವಾಗಿ ಸಿಗುವ ರಾಣಿ ರೂಪಾಯಿಗಳಲ್ಲಿ ಒಂದು.

1911ರ ಐದನೇ ಜಾರ್ಜ್ ರೂಪಾಯಿಯ ಕಥೆ ಬೇರೆ. ಆ ವರ್ಷ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಗುಲ್ಲಾಗಿ, ಸರ್ಕಾರ ಹೊಡೆದ ನಾಣ್ಯಗಳಲ್ಲಿ ಬಹುಪಾಲನ್ನು ಕರಗಿಸಿತು, 1912ರಿಂದ ಆನೆಯ ಚಿತ್ರವನ್ನು ತಿದ್ದಿತು. ಆದ್ದರಿಂದ 1911ಕ್ಕೆ ಬೆಲೆ ಹೆಚ್ಚು, ಬೇರೆ ಇಸವಿಯ ಕೊನೆಯ ಅಂಕಿಯನ್ನು ಕೆತ್ತಿ 1911 ಮಾಡುವವರೂ ಇದ್ದಾರೆ. ಆದರೆ ಅಂಕಿ ತಿದ್ದಿದವನು ಆನೆಯನ್ನು ತಿದ್ದಲಾರ. 1911 ಎಂದು ಬರೆದಿರುವ ನಾಣ್ಯದ ಮೇಲೆ ಸೊಂಡಿಲು, ಕಾಲು ಎಲ್ಲ ಸ್ಪಷ್ಟವಾಗಿ ಮೂಡಿದ 1912ರ ನಂತರದ ಆನೆ ಇದ್ದರೆ ಅಂಕಿಯಲ್ಲಿ ಕೈಚಳಕವಿದೆ. ಪಕ್ಕದಲ್ಲಿ ಒಂದು ಸಾಮಾನ್ಯ 1912ರ ಅಥವಾ 1918ರ ರೂಪಾಯಿಯ ದೊಡ್ಡ ಫೋಟೊ ಇಟ್ಟುಕೊಂಡು ಹೋಲಿಸಿ.

ಆರನೇ ಜಾರ್ಜ್‌ನ 1939ರ ರೂಪಾಯಿ ಇನ್ನೂ ಅಪಾಯದ್ದು. ಅಸಲಿ ನಾಣ್ಯ ಅತಿ ವಿರಳ, ನಕಲಿಯೋ ಹೇರಳ. 1938ರ 8ನ್ನು 9 ಮಾಡಿದ್ದು, ಅಚ್ಚಿನಲ್ಲಿ ಎರಕ ಹೊಯ್ದದ್ದು, ಎರಡೂ ಬರುತ್ತವೆ. 1938ರದೂ ಅದೇ ಬೆಳ್ಳಿಯಾದ್ದರಿಂದ ತಿದ್ದಿದ ನಾಣ್ಯವನ್ನು ತೂಕ ಹಿಡಿದುಕೊಡುವುದಿಲ್ಲ. 1939 ಬೇಕೇ ಬೇಕೆಂದಿದ್ದರೆ ಹೆಸರಾಂತ ಹರಾಜು ಸಂಸ್ಥೆಯಲ್ಲಿ, ಲಿಖಿತ ಖಾತರಿಯೊಂದಿಗೆ ಮಾತ್ರ ಕೊಳ್ಳಿ. ಫೇಸ್‌ಬುಕ್ ಗುಂಪಿನಲ್ಲಿ ಬರುವ 1939ಕ್ಕೆ ಬಿಡ್ ಹಾಕಲೇಬೇಡಿ.

1947ರ, ಹುಲಿಯ ಚಿತ್ರವಿರುವ ರೂಪಾಯಿಯನ್ನು "ಸ್ವಾತಂತ್ರ್ಯದ ವರ್ಷದ ಬೆಳ್ಳಿ ನಾಣ್ಯ" ಎಂದು ಮಾರುವುದು ನಿತ್ಯದ ನೋಟ. ಅದು ನಿಕ್ಕಲ್. ಅಯಸ್ಕಾಂತಕ್ಕೆ ಟಪ್ಪನೆ ಅಂಟುತ್ತದೆ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ, ಅದನ್ನು ಹಳೆಯ 91.7 ಪ್ರತಿಶತ ಬೆಳ್ಳಿಯ ರೂಪಾಯಿಯ ಬೆಲೆಗೆ ಕೊಡುವುದೂ ಮೋಸವೇ. 1943ರಿಂದ 1947ರ ನಡುವಿನ ತೂತಿನ ಪೈಸೆ ನಮ್ಮ ಕಡೆ ಹಳೆಯ ಮನೆಗಳಲ್ಲಿ ಇಂದಿಗೂ ಮುಷ್ಟಿಗಟ್ಟಲೆ ಸಿಗುತ್ತದೆ, ಅದಕ್ಕೆ ಅಪರೂಪದ ಬೆಲೆ ಕೊಡಬೇಕಿಲ್ಲ.

ಗಣರಾಜ್ಯದ ನಾಣ್ಯಗಳಲ್ಲಿ ಒಂದು ಮಾತು ನೆನಪಿರಲಿ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. "ಮಿಂಟ್ ಮಾರ್ಕ್ ಬಿಟ್ಟುಹೋದ ಎರರ್ ನಾಣ್ಯ" ಎಂದು ಮಾರುವುದೆಲ್ಲ ಕೋಲ್ಕತ್ತಾದ ಮಾಮೂಲಿ ನಾಣ್ಯಗಳೇ. ಎರಡೂ ಕಡೆ ಸಿಂಹ, ಎರಡೂ ಕಡೆ ಅಂಕಿ ಇರುವ ನಾಣ್ಯಗಳನ್ನು ಲೇತ್ ಮೇಲೆ ಕಡೆದು, ಎರಡನ್ನು ಸೇರಿಸಿ ಮಾಡುತ್ತಾರೆ. ಅಂಚಿನ ಒಳಸುತ್ತಿನಲ್ಲಿ ಕೂಡಿಸಿದ ಗೆರೆ ಇರುತ್ತದೆ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ರೂಪಾಯಿ ಎಂಬುದು ವಾಟ್ಸ್‌ಆ್ಯಪ್ ಸುದ್ದಿ, ಅಷ್ಟೇ.

ಹಂತ 3: ಫೋಟೊ ಯಾರದು?

ಜಾಹೀರಾತಿನ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಗೀರು, ಅದೇ ಕಲೆ ಇರುವ ಚಿತ್ರ ಯಾವುದೋ ಹರಾಜು ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ಸಿಕ್ಕರೆ, ಮಾರುವವನ ಬಳಿ ಆ ನಾಣ್ಯವಿಲ್ಲ ಎಂದೇ ಅರ್ಥ. ಸಿಗದಿದ್ದರೂ ಸಮಾಧಾನಪಡಬೇಡಿ. ಹೊಸ ಫೋಟೊ ಕೇಳಿ: ನಾಣ್ಯದ ಪಕ್ಕ ನಿಮ್ಮ ಹೆಸರು ಮತ್ತು ಅಂದಿನ ತಾರೀಖು ಕೈಯಲ್ಲಿ ಬರೆದ ಚೀಟಿ ಇರಬೇಕು. ಎರಡೂ ಮುಖ, ಜೊತೆಗೆ ಅಂಚಿನದೊಂದು. ಅಂಚಿನ ಫೋಟೊ ಯಾರೂ ತಾವಾಗಿ ಹಾಕುವುದಿಲ್ಲ, ಆದರೆ ಎರಕದ ಗೆರೆ, ಅರದಿಂದ ಉಜ್ಜಿದ ಗುರುತು, ಕೊಂಡಿ ಕಿತ್ತ ಜಾಗ, ಎಲ್ಲವೂ ಸಿಗುವುದು ಅಲ್ಲೇ. ಸಾಧ್ಯವಾದರೆ ಬಿಸಿಲಿನಲ್ಲಿ ನಾಣ್ಯವನ್ನು ನಿಧಾನಕ್ಕೆ ಓರೆ ಮಾಡುತ್ತ ತೆಗೆದ ಹತ್ತು ಸೆಕೆಂಡಿನ ವಿಡಿಯೊ ಕೇಳಿ.

ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಸೀಲ್ ಮಾಡಿದ, ಎನ್‌ಜಿಸಿ ಅಥವಾ ಪಿಸಿಜಿಎಸ್ (ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳು) ಚೀಟಿ ಇರುವ ನಾಣ್ಯವೆಂದು ನಂಬಿ ಮೈಮರೆಯಬಾರದು. ಸ್ಲ್ಯಾಬ್‌ಗಳನ್ನೂ ನಕಲು ಮಾಡುತ್ತಾರೆ. ಚೀಟಿಯ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲೇ ಹಾಕಿ ನೋಡಿ. ಸಂಖ್ಯೆ ಅಸಲಿ ಇರಬಹುದು, ನಾಣ್ಯ ಬೇರೆ ಇರಬಹುದು. ಅಲ್ಲಿ ಚಿತ್ರವಿದ್ದರೆ ಕಲೆ-ಗೀರುಗಳನ್ನು ಒಂದೊಂದಾಗಿ ಹೋಲಿಸಿ.

ಹಂತ 4: ನಾಲ್ಕು ಪ್ರಶ್ನೆ, ಬರಹದಲ್ಲಿ ಉತ್ತರ

ಬಿಡ್ ಹಾಕುವ ಮೊದಲು ಮಾರುವವನಿಗೆ ಈ ಸಂದೇಶ ಕಳಿಸಿ: "ಸರ್, ನಾಣ್ಯದ ತೂಕ ಗ್ರಾಂನಲ್ಲಿ ಎಷ್ಟು? ತಕ್ಕಡಿಯ ಮೇಲಿಟ್ಟ ಫೋಟೊ ಕಳಿಸ್ತೀರಾ? ಇದು ಟಂಕಸಾಲೆಯ ಅಸಲಿ ನಾಣ್ಯ ಅಂತ ಖಾತರಿ ಕೊಡ್ತೀರಾ? ಅಸಲಿ ಅಲ್ಲ ಅಂತ ಗೊತ್ತಾದರೆ ಹದಿನೈದು ದಿನದೊಳಗೆ ವಾಪಸ್ ತಗೊಂಡು ಪೂರ್ತಿ ರೊಕ್ಕ ಕೊಡ್ತೀರಾ?"

ಒಳ್ಳೆಯ ವ್ಯಾಪಾರಿ "ಹೌದ್ರಿ" ಎಂದು ಎರಡು ಸಾಲಿನಲ್ಲಿ ಉತ್ತರಿಸುತ್ತಾನೆ. ಮೋಸದವನು ಫೋನ್ ಮಾಡುತ್ತಾನೆ. "ಅಣ್ಣಾರ, ಮಾತಾಡೋಣ್ರಿ, ಮೆಸೇಜ್ ಯಾಕ್ರಿ" ಎನ್ನುತ್ತಾನೆ, ನಿಮ್ಮ ಊರು ಕೇಳುತ್ತಾನೆ, ತನ್ನ ಸಂಬಂಧಿಕರು ಗದಗಿನಲ್ಲಿದ್ದಾರೆ ಎನ್ನುತ್ತಾನೆ. ಸೌಜನ್ಯದಿಂದಲೇ ಹೇಳಿ: "ಮೆಸೇಜ್‌ನ್ಯಾಗ ಬರೀರಿ, ಆಮೇಲೆ ಬಿಡ್ ಹಾಕ್ತೀನ್ರಿ." ಮಾತಿನಲ್ಲಿ ಹೇಳಿದ್ದಕ್ಕೆ ನಾಳೆ ದಾಖಲೆ ಇರುವುದಿಲ್ಲ. ಉತ್ತರ ಬಂದ ಕೂಡಲೇ ಅದನ್ನೂ, ಇಡೀ ಜಾಹೀರಾತನ್ನೂ, ಮಾರುವವನ ಪ್ರೊಫೈಲನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಹರಾಜು ಮುಗಿದ ಮೇಲೆ ವಿವರಣೆ ತಿದ್ದುವುದು, ಪೋಸ್ಟ್ ಅಳಿಸುವುದು ಮಾಮೂಲು.

ತೂಕವನ್ನು ಗ್ರಾಂನಲ್ಲೇ ಕೇಳಿ. 1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ. ಹಿರಿಯರ ಲೆಕ್ಕದ ತೊಲಿ ಅದೇ. ಈಗ ಸರಾಫರು ತೊಲಿ ಎಂದರೆ 10 ಗ್ರಾಂ ಹಿಡಿಯುತ್ತಾರೆ. "ಸರಿಯಾಗಿ ಒಂದು ತೊಲಿ ಐತ್ರಿ" ಎಂಬ ಉತ್ತರದಲ್ಲಿ ಒಂದೂವರೆ ಗ್ರಾಂ ಅಡಗಿಕೊಳ್ಳಬಹುದು. ಚಲಾವಣೆಯಲ್ಲಿ ಸವೆದ ರೂಪಾಯಿ 11.4, 11.5 ತೂಗಿದರೆ ಚಿಂತೆಯಿಲ್ಲ. ಸವೆದಂತೆ ಕಂಡರೂ 11.66ಕ್ಕಿಂತ ಹೆಚ್ಚು ತೂಗಿದರೆ, ಅಥವಾ 11ಕ್ಕಿಂತ ಕಡಿಮೆ ಇದ್ದರೆ ಸಂಶಯಪಡಿ.

ಇದೇ ತೂಕದಿಂದ ಇನ್ನೊಂದು ಲೆಕ್ಕವೂ ಬರುತ್ತದೆ. ಆ ರೂಪಾಯಿಯಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. ಅಂದಿನ ಬೆಳ್ಳಿ ದರದಿಂದ ಗುಣಿಸಿ. ಯಾರಾದರೂ ಆ ಮೊತ್ತಕ್ಕಿಂತಲೂ ಕಡಿಮೆಗೆ "ಅಸಲಿ ಬೆಳ್ಳಿ ರೂಪಾಯಿ" ಕೊಡುತ್ತಿದ್ದರೆ, ಸರಾಫರಿಗೆ ಕೊಟ್ಟು ಹೆಚ್ಚು ರೊಕ್ಕ ಪಡೆಯಬಹುದಾದದ್ದನ್ನು ನಿಮಗೇಕೆ ಕೊಡುತ್ತಿದ್ದಾನೆಂದು ಯೋಚಿಸಿ.

ಹಂತ 5: ಹೊಳಪು ಮತ್ತು ಕೊಂಡಿ

ನಮ್ಮ ಭಾಗದ ಮನೆಗಳಿಂದ ಬರುವ ಬೆಳ್ಳಿ ರೂಪಾಯಿಗಳಿಗೆ ಎರಡು ಬಗೆಯ ಗಾಯಗಳಿರುತ್ತವೆ. ಎರಡರಲ್ಲೂ ನಾಣ್ಯ ಅಸಲಿಯೇ, ಮೋಸವಿರುವುದು ವರ್ಣನೆಯಲ್ಲಿ.

ಮೊದಲನೆಯದು ತೊಳೆದದ್ದು. ಪ್ರತಿ ದೀಪಾವಳಿಗೆ ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕಿದ ರೂಪಾಯಿ ಫೋಟೊದಲ್ಲಿ ಥಳಥಳಿಸುತ್ತದೆ. ಮಾರುವವನು ಅದಕ್ಕೆ "ಯುಎನ್‌ಸಿ", ಅಂದರೆ ಚಲಾವಣೆಯನ್ನೇ ಕಾಣದ ನಾಣ್ಯ ಎಂದು ಬರೆಯುತ್ತಾನೆ. ಟಂಕಸಾಲೆಯ ಸಹಜ ಹೊಳಪು ನಾಣ್ಯವನ್ನು ಓರೆ ಮಾಡಿದಂತೆ ಮೈಮೇಲೆ ಸುತ್ತುತ್ತ ಹರಿಯುತ್ತದೆ, ಬೆಳಕಿನ ಪಟ್ಟಿಯೊಂದು ಮುಖದ ಸುತ್ತ ಓಡುವುದು ಕಾಣುತ್ತದೆ. ತಿಕ್ಕಿದ ನಾಣ್ಯ ಹೇಗೆ ತಿರುಗಿಸಿದರೂ ಒಂದೇ ಸಮ ಬೆಳ್ಳಗೆ ಮಿಂಚುತ್ತದೆ. ಭೂತಗನ್ನಡಿ ಹಿಡಿದರೆ ಒಂದೇ ದಿಕ್ಕಿನ ನೂರಾರು ಸಣ್ಣ ಗೀರುಗಳು. ದೊರೆಯ ಗಡ್ಡದ ಎಳೆ, ರಾಣಿಯ ಕಿರೀಟದ ಕೆತ್ತನೆ, ಕಿವಿಯ ಮೇಲಿನ ಕೂದಲು, ಇಂಥ ಎತ್ತರದ ಭಾಗ ಸವೆದು ನುಣುಪಾಗಿದ್ದರೆ ನಾಣ್ಯ ಎಷ್ಟೇ ಹೊಳೆಯಲಿ, ಅದು ಯುಎನ್‌ಸಿ ಅಲ್ಲ. ಸಂಗ್ರಾಹಕರ ಲೆಕ್ಕದಲ್ಲಿ ಅದರ ಬೆಲೆ ತೊಳೆಯದ, ಕಪ್ಪಿಟ್ಟ ನಾಣ್ಯಕ್ಕಿಂತ ಕಡಿಮೆ. ಪೂಜೆಗೆ ಬೇಕಿದ್ದರೆ ಅದೇ ಸಾಕು, ಬೆಳ್ಳಿಯ ಬೆಲೆ ಕೊಟ್ಟು ಸಂತೋಷದಿಂದ ತೆಗೆದುಕೊಳ್ಳಿ.

ಎರಡನೆಯದು ಕೊಂಡಿ ಬೆಸೆದದ್ದು. ಗದಗ, ಹಾವೇರಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಹಾಕಿಕೊಳ್ಳುತ್ತಿದ್ದ ರೂಪಾಯಿ ಸರಗಳನ್ನು ನೀವು ನೋಡಿರಬಹುದು. ಸರ ಬಿಚ್ಚಿ ಮಾರಿದಾಗ ಪತ್ತಾರರು ಕೊಂಡಿಯನ್ನು ಕಿತ್ತು, ಆ ಜಾಗವನ್ನು ಅರದಿಂದ ಉಜ್ಜುತ್ತಾರೆ. ಗಡಿಯಾರದ ಮುಳ್ಳು ಹನ್ನೆರಡಕ್ಕೆ ನಿಲ್ಲುವ ಕಡೆ, ಅಂದರೆ ತಲೆಯ ನೇರ ಮೇಲೆ, ಅಂಚಿನ ಹಲ್ಲುಗಳು ಸವೆದು ಬೋಳಾಗಿರುತ್ತವೆ ಅಥವಾ ಬೆಸುಗೆಯ ಬೂದು ಕಲೆ ಉಳಿದಿರುತ್ತದೆ. ಫೋಟೊದಲ್ಲಿ ಆ ಜಾಗವನ್ನೇ ಬೆರಳಿನಿಂದ ಹಿಡಿದಿದ್ದರೆ, ಬೆರಳು ತೆಗೆದು ಇನ್ನೊಂದು ಫೋಟೊ ಕಳಿಸಿ ಎನ್ನಿ.

ಹಂತ 6: ನಮ್ಮ ಊರಿನ ಹೆಸರು ಹೇಳಿ ಮಾರುವವರು

ಇದು ನನಗೆ ಅತಿ ನೋವು ಕೊಡುವ ಮೋಸ. ಲಕ್ಕುಂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇತ್ತು. ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿ. ಧಾರವಾಡ ಟಿಪ್ಪುವಿನ ಕೈಯಲ್ಲಿದ್ದಾಗ ಇಲ್ಲಿಂದಲೂ ಅವನ ನಾಣ್ಯ ಹೊರಬಿದ್ದಿತ್ತು, ಆ ಟಂಕಸಾಲೆಯ ಹೆಸರು ನಾಣ್ಯದ ಮೇಲೆ "ಖುರ್ಷೀದ್ ಸವಾದ್" ಎಂದಿರುತ್ತದೆ. ನಮ್ಮ ನೆಲದ ನಾಣ್ಯ ನಮ್ಮ ಮನೆಯಲ್ಲಿರಲಿ ಎಂಬ ಆಸೆ ಎಲ್ಲರಿಗೂ ಇದೆ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

"ಲಕ್ಕುಂಡಿ ಹೊಲದಾಗ ನೇಗಿಲಿಗೆ ಸಿಕ್ಕ ಬಂಗಾರದ ನಾಣ್ಯ" ಎಂದು ಯಾರಾದರೂ ಬರೆದರೆ ಎರಡೇ ಸಾಧ್ಯತೆ. ಸುಳ್ಳಾದರೆ ನಾಣ್ಯ ನಕಲಿ. ನಿಜವಾದರೆ ಮಾರಾಟವೇ ಅಪರಾಧ: ನೆಲದಲ್ಲಿ ಸಿಕ್ಕ ನಿಧಿಯನ್ನು 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಎರಡರಲ್ಲಿ ಯಾವುದಾದರೂ ನೀವು ಕೊಳ್ಳುವಂತಿಲ್ಲ. ಅಲ್ಲದೆ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದ ಮಗನ ವಿಳಾಸಕ್ಕೇ ಕಳಿಸುತ್ತೇವೆ ಎನ್ನುವ ಮಾರಾಟಗಾರನಿಂದ ದೂರವಿರಿ.

ಟಿಪ್ಪುವಿನ ಆನೆ ಪೈಸೆಗೆ "ಧಾರವಾಡ ಮಿಂಟ್" ಎಂದು ಶೀರ್ಷಿಕೆ ಕೊಟ್ಟಿದ್ದರೆ, ಫಾರ್ಸಿಯಲ್ಲಿ ಟಂಕಸಾಲೆಯ ಹೆಸರಿರುವ ಮುಖದ ದೊಡ್ಡ ಫೋಟೊ ಕೇಳಿ, ಫಾರ್ಸಿ ಅಥವಾ ಉರ್ದು ಬಲ್ಲ ಯಾರಿಗಾದರೂ ತೋರಿಸಿ. ತಾನೇ ಜಾರಿಗೆ ತಂದ ಮೌಲೂದಿ ಎಂಬ ಹೊಸ ಶಕೆಗೆ ಬದಲಿಸಿದ ಮೇಲೆ ಟಿಪ್ಪು ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ, ಅದನ್ನೂ ನೋಡಿಕೊಳ್ಳಿ. ಬಹಳ ಸಲ ಅದು ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ ಸಾಮಾನ್ಯ ಪೈಸೆಯಾಗಿರುತ್ತದೆ. ಅಸಲಿ ನಾಣ್ಯಗಳ ಗುರುತು ಕಣ್ಣಿಗೆ ಕೂರಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ.

ಹಂತ 7: ಬಿಡ್ ಹಾಕುವಾಗ

ನಿಮ್ಮ ಗರಿಷ್ಠ ಬೆಲೆಯನ್ನು ಹರಾಜು ಶುರುವಾಗುವ ಮೊದಲೇ ಕಾಗದದ ಮೇಲೆ ಬರೆದಿಡಿ. ಅದೇ ಬಗೆಯ ನಾಣ್ಯಗಳು ಹಿಂದೆ ಎಷ್ಟಕ್ಕೆ ಮಾರಾಟವಾದವು ಎಂಬುದನ್ನು ನೋಡಿ, ಕೇಳಿದ ಬೆಲೆಯನ್ನಲ್ಲ. ಕೇಳುವವರು ಏನು ಬೇಕಾದರೂ ಕೇಳುತ್ತಾರೆ.

ಮಾರುವವನ ಕಡೆಯವರೇ ಬಿಡ್ ಏರಿಸುವುದು ಹಳೆಯ ಆಟ. ಒಂದೇ ಹೆಸರು ಈ ಮಾರಾಟಗಾರನ ಪ್ರತಿ ಹರಾಜಿನಲ್ಲೂ ಬಿಡ್ ಹಾಕಿ ಕೊನೆಗೆ ಗೆಲ್ಲದೆ ಹೋಗುತ್ತಿದೆಯೇ, ನೀವು ಸುಮ್ಮನಾದ ಕೂಡಲೇ ಅದೂ ಸುಮ್ಮನಾಗುತ್ತಿದೆಯೇ ಗಮನಿಸಿ. ಹರಾಜು ಮುಗಿದ ಮರುದಿನ "ಗೆದ್ದವರು ಬ್ಯಾಡ ಅಂದ್ರು, ನಿಮ್ಮ ಕೊನೆ ಬಿಡ್‌ಗೆ ಕೊಡ್ತೀನ್ರಿ" ಎಂಬ ಸಂದೇಶ ಬಂದರೆ ಗೆದ್ದವರು ಮಾರುವವನ ಕಡೆಯವರೇ ಎಂದು ತಿಳಿಯಿರಿ. ಆ ಬೆಲೆಯನ್ನು ಒಪ್ಪಬೇಡಿ.

ಹಂತ 8: ರೊಕ್ಕ

ತಾಣದೊಳಗಿನ ಪಾವತಿ ವ್ಯವಸ್ಥೆ ಇದ್ದರೆ ಅದರಲ್ಲೇ ಕೊಡಿ, ಆದಷ್ಟು ಕ್ರೆಡಿಟ್ ಕಾರ್ಡಿನಲ್ಲಿ. ವಿವಾದವಾದರೆ ಬ್ಯಾಂಕಿಗೆ ದೂರು ಕೊಟ್ಟು ಹಣ ತಡೆಯಲು ಅವಕಾಶವಿರುತ್ತದೆ. "ಹೊರಗೆ ಯುಪಿಐ ಮಾಡ್ರಿ, ಕಮಿಷನ್ ಉಳೀತದ" ಎನ್ನುವವನು ಉಳಿಸುತ್ತಿರುವುದು ತನ್ನ ಗುರುತನ್ನು. ಯುಪಿಐನಲ್ಲಿ ಒಮ್ಮೆ ಹೋದ ಹಣವನ್ನು ನೀವಾಗಿ ಹಿಂಪಡೆಯಲು ಬರುವುದಿಲ್ಲ. ಪರಿಚಯವಿಲ್ಲದವರಿಗೆ ಯುಪಿಐ ಮಾಡಲೇಬೇಕಾದರೆ ಪರದೆಯ ಮೇಲೆ ಬರುವ ಖಾತೆದಾರನ ಹೆಸರು ಮಾರುವವನದೇ ಹೌದೋ ನೋಡಿ.

ನಾಣ್ಯ ಮಾರಲು ಹೊರಟವರಿಗೂ ಇಲ್ಲೊಂದು ಮಾತು. ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ, ಜಿಎಸ್‌ಟಿ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಫೋನ್ ಇಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ, ಶುಲ್ಕ ಕೇಳುವುದಿಲ್ಲ ಎಂದು ಆಗಸ್ಟ್ 2021ರಲ್ಲೇ ಆರ್‌ಬಿಐ ಪ್ರಕಟಣೆ ಕೊಟ್ಟಿದೆ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೂ ಎಂದೂ ಬರುವುದಿಲ್ಲ.

ಹಂತ 9: ಪಾರ್ಸೆಲ್ ಬಂದ ದಿನ

ಪೊಟ್ಟಣವನ್ನು ಬಿಚ್ಚುವ ಮೊದಲೇ ವಿಡಿಯೊ ಶುರು ಮಾಡಿ. ವಿಳಾಸದ ಚೀಟಿ, ಅಂಟಿಸಿದ ಟೇಪು, ಬಿಚ್ಚುವುದು, ನಾಣ್ಯದ ಎರಡೂ ಮುಖ, ತಕ್ಕಡಿಯ ಮೇಲಿನ ತೂಕ, ಎಲ್ಲವೂ ನಡುವೆ ನಿಲ್ಲಿಸದ ಒಂದೇ ವಿಡಿಯೊದಲ್ಲಿರಬೇಕು. "ನೀವೇ ನಾಣ್ಯ ಬದಲಿಸಿದ್ದೀರಿ" ಎಂಬ ಮಾತಿಗೆ ಇದೊಂದೇ ಉತ್ತರ.

ಮೊದಲು ಅಯಸ್ಕಾಂತ. ಬೆಳ್ಳಿ ಅಂಟಬಾರದು. ಅಂಟದಿದ್ದ ಮಾತ್ರಕ್ಕೆ ಬೆಳ್ಳಿಯಾಗಲಿಲ್ಲ, ಹಿತ್ತಾಳೆ, ತಾಮ್ರ, ಸೀಸವೂ ಅಂಟುವುದಿಲ್ಲ. ಆಮೇಲೆ ಭೂತಗನ್ನಡಿ: ಎರಕದ ನಕಲಿಯ ಮೈಮೇಲೆ ಜೋಳದ ರೊಟ್ಟಿಯ ಹಾಗೆ ಸಣ್ಣ ಸಣ್ಣ ಗುಳಿಗಳು, ಅಕ್ಷರಗಳ ಅಂಚು ಕರಗಿದಂತೆ ಮೊಂಡು. ಟಂಕಿಸಿದ ನಾಣ್ಯದ ಅಕ್ಷರ ನೆಲದಿಂದ ನೇರ ಎದ್ದಿರುತ್ತದೆ.

ಇನ್ನು ನೀರಿನ ಪರೀಕ್ಷೆ. ಇದಕ್ಕೆ 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತೆಳುವಾದ ಹೊಲಿಗೆ ದಾರವನ್ನು ನಾಣ್ಯದ ಸುತ್ತ ಕುಣಿಕೆ ಹಾಕಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ಕೈಯಲ್ಲಿ ಹಿಡಿದು ಇಳಿಬಿಡಿ. ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲುಗಿಸಿ ಬಿಡಿಸಿ. ತಕ್ಕಡಿ ತೋರಿಸುವ ಸಂಖ್ಯೆಯಿಂದ ಮೊದಲ ತೂಕವನ್ನು ಭಾಗಿಸಿ. 11.66 ಗ್ರಾಂನ ಅಸಲಿ ರೂಪಾಯಿ ನೀರಿನಲ್ಲಿ 1.13ರ ಆಸುಪಾಸು ತೋರಿಸುತ್ತದೆ, ಭಾಗಿಸಿದರೆ 10.3. ಬೆಳ್ಳಿಯ ನೀರು ಕೊಟ್ಟ ತಾಮ್ರವಾದರೆ 1.30, ಭಾಗಿಸಿದರೆ 9ರ ಹತ್ತಿರ. ಜರ್ಮನ್ ಬೆಳ್ಳಿ (ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಬೆರಕೆ) ಅದಕ್ಕಿಂತಲೂ ಕೆಳಗೆ. ಅರ್ಧ ಬೆಳ್ಳಿಯ 1940-45ರ ರೂಪಾಯಿ ಸುಮಾರು 9.5. ಕೈ ನಡುಗಿ ಸಂಖ್ಯೆ ಕುಣಿದರೆ ಮತ್ತೆ ಮಾಡಿ, ಮೂರು ಸಲದಲ್ಲಿ ಒಂದೇ ಉತ್ತರ ಬರಬೇಕು.

ಸರಾಫರ ಹತ್ತಿರ ಒಯ್ದರೆ ಒರೆಗಲ್ಲಿಗೆ ಹಚ್ಚಲು, ಆ್ಯಸಿಡ್ ಹಾಕಲು ಬಿಡಬೇಡಿ. ಆ ಗೀರು ನಾಣ್ಯದ ಬೆಲೆಯನ್ನು ಕೆಡಿಸುತ್ತದೆ, ವಾಪಸ್ ಮಾಡುವ ಹಕ್ಕನ್ನೂ ಕೆಡಿಸುತ್ತದೆ. ಎಕ್ಸ್‌ಆರ್‌ಎಫ್ ಯಂತ್ರವಿರುವ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಕೇಳಿ. ಅದು ಗೀರಿಲ್ಲದೆ ಲೋಹದ ಪ್ರಮಾಣ ತೋರಿಸುತ್ತದೆ, ಆದರೆ ಮೇಲ್ಮೈಯದನ್ನು ಮಾತ್ರ. ದಪ್ಪ ಲೇಪ ಕೊಟ್ಟ ನಕಲಿ ಅದನ್ನು ವಂಚಿಸಬಲ್ಲದು, ನೀರಿನ ಪರೀಕ್ಷೆಯನ್ನು ವಂಚಿಸುವುದು ಕಷ್ಟ. ಅಸಲಿ ಬೆಳ್ಳಿಯಲ್ಲೇ ಮಾಡಿದ ನಕಲಿಗಳು ಮಾತ್ರ ಎರಡನ್ನೂ ದಾಟುತ್ತವೆ, ಅದಕ್ಕೇ ದುಬಾರಿ ಇಸವಿಗಳಿಗೆ ಅನುಭವಿಗಳ ಕಣ್ಣು ಬೇಕು.

ಹಂತ 10: ಮೋಸವಾದರೆ

ಅದೇ ದಿನ ಬರಹದಲ್ಲಿ ತಿಳಿಸಿ: ಏನು ಹೇಳಿದ್ದಿರಿ, ಏನು ಬಂದಿದೆ, ತೂಕವೆಷ್ಟು, ಎಷ್ಟು ದಿನದೊಳಗೆ ಹಣ ಬೇಕು. ಬೈಗುಳ ಬೇಡ, ನಿಮ್ಮ ಸಂದೇಶವೂ ನಾಳೆ ದಾಖಲೆಯೇ. "ವಾಪಸ್ ಇಲ್ಲ" ಎಂದು ಬರೆದಿತ್ತಲ್ಲ ಎಂದು ಹಿಂಜರಿಯಬೇಡಿ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ನಕಲಿ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ಹಿಂಪಡೆಯಲು ತಾಣದ ಮೂಲಕ ಮಾರುವವರು ನಿರಾಕರಿಸುವಂತಿಲ್ಲ. ಈ ನಿಯಮ ನಿಯಮಿತವಾಗಿ ವ್ಯಾಪಾರ ಮಾಡುವವರಿಗೆ ಅನ್ವಯ, ಮನೆಯ ಒಂದು ವಸ್ತುವನ್ನು ಎಂದೋ ಮಾರಿದವರಿಗಲ್ಲ. ಅವನು ತಿಂಗಳುಗಟ್ಟಲೆ ಮಾರುತ್ತಿದ್ದುದರ ಸ್ಕ್ರೀನ್‌ಶಾಟ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ತಾಣದವರಿಗೆ ದೂರು ಕೊಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮುಂದೆ ಜಿಲ್ಲಾ ಗ್ರಾಹಕರ ಆಯೋಗ. ಮಾರುವವನು ಯಾವ ರಾಜ್ಯದಲ್ಲಿದ್ದರೂ 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಧಾರವಾಡ, ಗದಗ ಅಥವಾ ಹಾವೇರಿಯಲ್ಲೇ ದೂರು ದಾಖಲಿಸಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು.

ಹಣ ಪಡೆದು ನಾಣ್ಯವನ್ನೇ ಕಳಿಸದೆ ಮಾಯವಾದರೆ, ನಂಬರ್ ಬ್ಲಾಕ್ ಮಾಡಿದರೆ, ಅದು ಸೈಬರ್ ವಂಚನೆ. ಆಗ ಒಂದು ತಾಸೂ ಕಾಯಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಇನ್ನೂ ಆ ಖಾತೆಯಲ್ಲಿದ್ದರೆ ತಡೆಹಿಡಿಯುವ ಸಾಧ್ಯತೆ ಇರುವುದು ಮೊದಲ ಕೆಲವು ತಾಸುಗಳಲ್ಲಿ. ಪಾವತಿಯ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆ, ಸ್ಕ್ರೀನ್‌ಶಾಟ್‌ಗಳನ್ನು ಹಿಡಿದು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಅನ್ವಯಿಸುತ್ತದೆ.

ಮೋಸ ಹೋದದ್ದು ನಾಚಿಕೆಯ ವಿಷಯವೆಂದು ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಸುಮ್ಮನಾದ ವಾರವೇ ಅದೇ ಖಾತೆ ಹಾವೇರಿಯ ಯಾರೋ ನಿವೃತ್ತ ಮಾಸ್ತರರಿಗೆ ಅದೇ ಫೋಟೊ ತೋರಿಸುತ್ತಿರುತ್ತದೆ.

ಹಣ ವಾಪಸ್ ಬರುವುದಾದರೆ ನಾಣ್ಯವನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಮೆ ಮಾಡಿಸಿ ಕಳಿಸಿ, ಪ್ಯಾಕ್ ಮಾಡುವುದನ್ನೂ ವಿಡಿಯೊ ತೆಗೆದಿಡಿ. ಬಾರದೆ ನಕಲಿ ನಿಮ್ಮಲ್ಲೇ ಉಳಿದರೆ ಅದನ್ನು ಬೇರೆ ಲಕೋಟೆಗೆ ಹಾಕಿ, ಮೇಲೆ "ನಕಲಿ" ಎಂದು ದೊಡ್ಡದಾಗಿ ಬರೆದು, ಕೊಂಡ ತಾರೀಖು, ತೂಕ, ಖಾತೆಯ ಹೆಸರು ಸೇರಿಸಿ, ಉಳಿದ ನಾಣ್ಯಗಳಿಂದ ಬೇರೆ ಇಡಿ.